ನಡುಬೀದಿಯಲ್ಲಿ ಗಡಿ: ಬ್ರಿಸ್ಟಲ್ ಎಂಬ ಎರಡು ಊರು

ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಮಡಿಲಲ್ಲಿ ಬ್ರಿಸ್ಟಲ್ ಎಂಬ ಊರಿದೆ. ನೋಡುವವರಿಗೆ ಅದು ಒಂದೇ ಊರು. ಆದರೆ ಅಲ್ಲಿ ನಗರಸಭೆ ಎರಡು, ಮೇಯರ್ ಇಬ್ಬರು, ಪೊಲೀಸ್ ಇಲಾಖೆಯೂ ಎರಡು. ಪೇಟೆಬೀದಿಯ ನಟ್ಟನಡುವೆ ರಾಜ್ಯದ ಗಡಿ ಹಾದುಹೋಗಿರುವುದೇ ಇದಕ್ಕೆ ಕಾರಣ. ಬೀದಿಯ ಹೆಸರೂ ಸ್ಟೇಟ್ ಸ್ಟ್ರೀಟ್. ಉತ್ತರದ ಸಾಲಿನ ಅಂಗಡಿಗಳು ವರ್ಜೀನಿಯಾ ರಾಜ್ಯಕ್ಕೆ ಸೇರಿದರೆ, ಎದುರು ಸಾಲಿನವು ಟೆನೆಸೀ ರಾಜ್ಯಕ್ಕೆ ಸೇರಿವೆ. ರಸ್ತೆಯ ಮಧ್ಯದಲ್ಲಿ ಹಿತ್ತಾಳೆಯ ಗುರುತುಗಳನ್ನು ಕೂರಿಸಿದ್ದಾರೆ. ಪ್ರವಾಸಿಗಳು ಒಂದು ಕಾಲನ್ನು ಒಂದು ರಾಜ್ಯದಲ್ಲಿ, ಇನ್ನೊಂದನ್ನು ಇನ್ನೊಂದು ರಾಜ್ಯದಲ್ಲಿ ಊರಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಬೀದಿಗೆ ಅಡ್ಡಲಾಗಿ, ತಲೆಯ ಮೇಲೆ ದೀಪಗಳ ದೊಡ್ಡ ಫಲಕವೊಂದು ನಿಂತಿದೆ. 1910ರಲ್ಲಿ ತಯಾರಾದ ಈ ಫಲಕ ಈಗಿನ ಜಾಗಕ್ಕೆ ಬಂದದ್ದು 1915ರಲ್ಲಿ. ಎರಡೂ ರಾಜ್ಯಗಳ ಹೆಸರಿನ ಕೆಳಗೆ ‘ವಾಸಕ್ಕೆ ಒಳ್ಳೆಯ ಊರು’ ಎಂಬರ್ಥದ ಸಾಲು ರಾತ್ರಿಯಾದರೆ ಬೆಳಗುತ್ತದೆ.

ಸಂಗೀತಪ್ರಿಯರಿಗೆ ಬ್ರಿಸ್ಟಲ್ ಒಂದು ಬಗೆಯ ಕ್ಷೇತ್ರ. 1927ರ ಬೇಸಿಗೆಯಲ್ಲಿ ರಾಲ್ಫ್ ಪೀರ್ ಎಂಬ ಧ್ವನಿಮುದ್ರಣ ಸಂಸ್ಥೆಯ ಪ್ರತಿನಿಧಿ ಇದೇ ಬೀದಿಯ ಟೋಪಿ ಮಳಿಗೆಯೊಂದರಲ್ಲಿ ಯಂತ್ರಗಳನ್ನು ಹೂಡಿ, ಸುತ್ತಲಿನ ಬೆಟ್ಟಗಳಿಂದ ಬಂದ ಹಾಡುಗಾರರ ಹಾಡುಗಳನ್ನು ಮುದ್ರಿಸಿಕೊಂಡ. ಕಾರ್ಟರ್ ಕುಟುಂಬದವರೂ ಜಿಮ್ಮಿ ರಾಡ್ಜರ್ಸ್‌ನೂ ಮೊದಲು ಬೆಳಕಿಗೆ ಬಂದದ್ದು ಇಲ್ಲಿಯೇ. ಬ್ರಿಸ್ಟಲ್ ‘ಕಂಟ್ರಿ ಸಂಗೀತದ ಹುಟ್ಟೂರು’ ಎಂದು ಅಮೆರಿಕದ ಸಂಸತ್ತು 1998ರಲ್ಲಿ ಮನ್ನಣೆ ನೀಡಿತು. ಅದರ ವಸ್ತುಸಂಗ್ರಹಾಲಯ 2014ರಲ್ಲಿ ವರ್ಜೀನಿಯಾ ಭಾಗದಲ್ಲಿ ತೆರೆಯಿತು. ಮೋಟಾರು ಪಂದ್ಯಗಳ ಭಾರಿ ಕ್ರೀಡಾಂಗಣ ಇರುವುದು ಟೆನೆಸೀ ಭಾಗದಲ್ಲಿ. ಸಾರ್ವಜನಿಕ ಗ್ರಂಥಾಲಯ ಮಾತ್ರ ಎರಡೂ ಊರಿಗೆ ಸೇರಿ ಒಂದೇ.

2022ರ ನಂತರ ಈ ಊರಿಗೆ ಬರುವವರೆಲ್ಲರೂ ಹಾಡಿಗಾಗಿ, ಪಂದ್ಯಕ್ಕಾಗಿ ಬರುವವರಲ್ಲ. ದೂರದ ರಾಜ್ಯಗಳ ನಂಬರ್ ಪ್ಲೇಟ್ ಹೊತ್ತ ಕಾರುಗಳು ಗಡಿ ದಾಟಿ ವರ್ಜೀನಿಯಾ ಭಾಗದ ಒಂದು ಚಿಕಿತ್ಸಾಲಯದ ಮುಂದೆ ನಿಲ್ಲುತ್ತವೆ. ಒಳಗೆ ಹೋಗುವವರು ಗರ್ಭಪಾತ ಬಯಸಿ ಬಂದ ಹೆಂಗಸರು.

ಒಂದು ಮೈಲಿಯ ಸ್ಥಳಾಂತರ

ದಶಕಗಳ ಕಾಲ ಈ ಸೇವೆ ದೊರೆಯುತ್ತಿದ್ದದ್ದು ಟೆನೆಸೀ ಭಾಗದ ಬ್ರಿಸ್ಟಲ್‌ನಲ್ಲಿ. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ‘ಡಾಬ್ಸ್’ ಮೊಕದ್ದಮೆಯಲ್ಲಿ ತೀರ್ಪು ನೀಡಿ, ಗರ್ಭಪಾತದ ಹಕ್ಕು ದೇಶದ ಸಂವಿಧಾನದಲ್ಲಿ ಇಲ್ಲವೆಂದು ಸಾರಿತು. ಅಂಥದೊಂದು ತೀರ್ಪು ಬಂದ ದಿನ ಬಳಸಲೆಂದೇ ಟೆನೆಸೀ 2019ರಲ್ಲಿ ಒಂದು ಕಾನೂನನ್ನು ಬರೆದಿಟ್ಟಿತ್ತು. ಅದು ಆಗಸ್ಟ್ 25ರಂದು ಜಾರಿಗೆ ಬಂತು. ಅಷ್ಟರೊಳಗೆ, ಸುಮಾರು ಒಂದು ಮೈಲಿ ದೂರದಲ್ಲಿ, ಗಡಿಯ ಆಚೆ, ಹೊಸ ಚಿಕಿತ್ಸಾಲಯ ತೆರೆದಿತ್ತು.

ಆ ಒಂದು ಮೈಲಿಯ ಅಂತರದ ಅರ್ಥವನ್ನು ಎರಡು ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ತಿಳಿಯಬೇಕು. ಟೆನೆಸೀಯಲ್ಲಿ ಗರ್ಭ ಧರಿಸಿದಂದಿನಿಂದಲೇ ಗರ್ಭಪಾತ ನಿಷಿದ್ಧ. ಮಾಡಿದ ವೈದ್ಯರಿಗೆ 3ರಿಂದ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅತ್ಯಾಚಾರದಿಂದಾದ ಗರ್ಭಕ್ಕೂ ವಿನಾಯಿತಿ ಇಲ್ಲ. ತಾಯಿಯ ಪ್ರಾಣ ಉಳಿಸಲು ಗರ್ಭ ತೆಗೆದ ವೈದ್ಯರು ಕೂಡ ಮೊದಲು ಆರೋಪಿಯಾಗಿ ನಿಂತು, ಅದು ಅನಿವಾರ್ಯವಾಗಿತ್ತೆಂದು ನ್ಯಾಯಾಲಯದಲ್ಲಿ ತಾವೇ ಸಿದ್ಧಪಡಿಸಬೇಕೆಂದು ಮೂಲ ಕಾನೂನು ಹೇಳಿತ್ತು. ವೈದ್ಯರ ಆಕ್ಷೇಪದ ಬಳಿಕ 2023ರಲ್ಲಿ ತಿದ್ದುಪಡಿ ತಂದು, ಪ್ರಾಣಾಪಾಯ ಮತ್ತು ಗರ್ಭಕೋಶದ ಹೊರಗೆ ಬೆಳೆಯುವ ಗರ್ಭದಂಥ ಕೆಲವೇ ಸಂದರ್ಭಗಳಿಗೆ ನೇರ ವಿನಾಯಿತಿ ಕೊಡಲಾಯಿತು.

ಬೀದಿಯ ಆಚೆ ಬದಿಯ ವರ್ಜೀನಿಯಾದಲ್ಲಿ ಎರಡನೆಯ ತ್ರೈಮಾಸಿಕದ ಕೊನೆಯವರೆಗೆ, ಎಂದರೆ ಸುಮಾರು 26 ವಾರಗಳವರೆಗೆ, ಗರ್ಭಪಾತಕ್ಕೆ ಅವಕಾಶವಿದೆ. ಅನಂತರ ಮೂವರು ವೈದ್ಯರ ಒಪ್ಪಿಗೆ ಬೇಕು. ಹದಿನೆಂಟು ತುಂಬದ ಹುಡುಗಿಯಾದರೆ ತಂದೆ ಅಥವಾ ತಾಯಿಯ ಸಮ್ಮತಿ ಇಲ್ಲವೆ ನ್ಯಾಯಾಧೀಶರ ಅನುಮತಿ ಬೇಕು. ಈ ಬದಿಯಲ್ಲಿ ಜೈಲಿಗೆ ಹೋಗುವ ಅಪರಾಧ ಎನಿಸಿದ್ದು ಆ ಬದಿಯಲ್ಲಿ ಸಾಮಾನ್ಯ ವೈದ್ಯಕೀಯ ಸೇವೆ.

ನಮ್ಮವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟೊಡನೆ ಬೋರ್ಡುಗಳ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ. ಆದರೆ ಕೊಲೆ, ಕಳವಿನ ಕಾನೂನು ಬದಲಾಗುವುದಿಲ್ಲ. ದಂಡಸಂಹಿತೆ ಇಡೀ ದೇಶಕ್ಕೆ ಒಂದೇ. ಬ್ರಿಸ್ಟಲ್‌ನಲ್ಲಿ ಇದು ತಿರುವುಮುರುವು. ಎರಡೂ ಬದಿಯವರು ಆಡುವುದು ಒಂದೇ ಭಾಷೆ, ಹೋಗುವುದು ಒಂದೇ ಬಗೆಯ ಚರ್ಚು. ಬದಲಾಗುವುದು ಕಾನೂನು. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ, ತನ್ನದೇ ದಂಡಸಂಹಿತೆ ಇದೆ. ಒಕ್ಕೂಟದ ಸಂವಿಧಾನ ಕೇಂದ್ರಕ್ಕೆ ಒಪ್ಪಿಸದೆ ಉಳಿದ ಅಧಿಕಾರವೆಲ್ಲ ರಾಜ್ಯಗಳದು.

ನೆಲಗಟ್ಟು ಕಳಚಿದಾಗ

ಹಾಗಾದರೆ 1973ರಿಂದ 2022ರವರೆಗೆ ಇದ್ದ ‘ಫೆಡರಲ್ ರಕ್ಷಣೆ’ ಎಂದರೇನು? 1973ರ ಜನವರಿ 22ರಂದು ‘ರೋ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ, ಗರ್ಭಪಾತದ ನಿರ್ಧಾರ ಮಹಿಳೆಯ ಸಂವಿಧಾನಬದ್ಧ ಹಕ್ಕು ಎಂದಿತು. 1992ರ ‘ಕೇಸಿ’ ತೀರ್ಪು ರಾಜ್ಯಗಳು ಕೆಲವು ನಿಯಮಗಳನ್ನು ಹೇರಬಹುದೆಂದು ಒಪ್ಪಿದರೂ ಹಕ್ಕನ್ನು ಉಳಿಸಿಕೊಂಡಿತು. ಶಿಶು ತಾಯಿಯ ಗರ್ಭದ ಹೊರಗೆ ಬದುಕಬಲ್ಲ ಹಂತ ತಲುಪುವ ಮೊದಲು ಯಾವ ರಾಜ್ಯವೂ ಗರ್ಭಪಾತವನ್ನು ಪೂರ್ತಿ ನಿಷೇಧಿಸುವಂತಿರಲಿಲ್ಲ. ಎಲ್ಲ ರಾಜ್ಯಗಳಿಗೂ ಸಮನಾಗಿ ಹಾಸಿದ ನೆಲಗಟ್ಟು ಅದು. ಅದರ ಮೇಲೆ ಯಾರು ಹೇಗೆ ಮನೆ ಕಟ್ಟಿದರೂ ನೆಲ ಕುಸಿಯುತ್ತಿರಲಿಲ್ಲ. ಡಾಬ್ಸ್ ತೀರ್ಪು ಆ ನೆಲಗಟ್ಟನ್ನು ಕಳಚಿ, ಪ್ರಶ್ನೆಯನ್ನು ಜನರಿಗೂ ಅವರ ಪ್ರತಿನಿಧಿಗಳಿಗೂ ಒಪ್ಪಿಸಿತು.

ಪರಿಣಾಮವನ್ನು ನೋಡಲು ಬ್ರಿಸ್ಟಲ್‌ನ ಸುತ್ತಮುತ್ತಲೇ ಸಾಕು. ಕೆಂಟಕಿ ಮತ್ತು ಪಶ್ಚಿಮ ವರ್ಜೀನಿಯಾಗಳಲ್ಲಿ ಟೆನೆಸೀಯಂತೆಯೇ ಬಹುಮಟ್ಟಿನ ನಿಷೇಧ. ಉತ್ತರ ಕೆರೊಲಿನಾದಲ್ಲಿ 2023ರಿಂದ ಸಾಮಾನ್ಯ ಮಿತಿ 12 ವಾರ. ಅಲ್ಲಿ 72 ಗಂಟೆ ಕಾಯಬೇಕು. ಜಾರ್ಜಿಯಾ, ದಕ್ಷಿಣ ಕೆರೊಲಿನಾ, ಫ್ಲಾರಿಡಾಗಳಲ್ಲಿ ಸುಮಾರು ಆರು ವಾರ. ಆರು ವಾರ ಎಂದರೆ ಒಂದೂವರೆ ತಿಂಗಳ ಅವಕಾಶವಿದೆಯೆಂದು ಅನ್ನಿಸಬಹುದು. ಆದರೆ ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿತೆಂದು ತಿಳಿಯುವಾಗಲೇ ನಾಲ್ಕು ವಾರ ಕಳೆದಿರುತ್ತದೆ. ಉಳಿಯುವುದು ಹದಿನೈದು ದಿನಗಳಷ್ಟೆ. ದೇಶದ ಇನ್ನೊಂದು ತುದಿಯ ಒರೆಗಾನ್‌ನಲ್ಲಿ ಕಾನೂನು ವಾರಗಳ ಮಿತಿಯನ್ನೇ ಇಟ್ಟಿಲ್ಲ.

ಜನಾಭಿಪ್ರಾಯವೂ ಎಲ್ಲೆಡೆ ಒಂದೇ ಅಲ್ಲ. ಟೆನೆಸೀಯ ಮತದಾರರು 2014ರಲ್ಲೇ, ತಮ್ಮ ರಾಜ್ಯದ ಸಂವಿಧಾನ ಗರ್ಭಪಾತದ ಹಕ್ಕನ್ನು ರಕ್ಷಿಸುವುದಿಲ್ಲ ಎಂಬ ತಿದ್ದುಪಡಿಗೆ ಒಪ್ಪಿದ್ದರು. ಸಂಪ್ರದಾಯಸ್ಥರ ರಾಜ್ಯವೆಂದು ಹೆಸರಾದ ಕಾನ್ಸಾಸ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಅಂಥದೇ ತಿದ್ದುಪಡಿಯನ್ನು ಜನ ತಿರಸ್ಕರಿಸಿದರು. ಒಹಾಯೊ 2023ರಲ್ಲಿ ಹಕ್ಕನ್ನು ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು. ಫ್ಲಾರಿಡಾದಲ್ಲಿ 2024ರಲ್ಲಿ ನೂರಕ್ಕೆ 57ರಷ್ಟು ಮಂದಿ ಹಕ್ಕಿನ ಪರ ಮತ ಹಾಕಿದರೂ ಅಲ್ಲಿ ಬೇಕಿದ್ದ 60 ದಾಟಲಿಲ್ಲ, ತಿದ್ದುಪಡಿ ಬಿದ್ದುಹೋಯಿತು.

ಗೆರೆಯ ಎರಡೂ ಕಡೆಯವರು

ಗರ್ಭಪಾತವನ್ನು ವಿರೋಧಿಸುವವರಿಗೆ ಇದು ಭ್ರೂಣದ ಜೀವದ ಪ್ರಶ್ನೆ. ಗರ್ಭದಲ್ಲಿರುವುದೂ ಒಂದು ಜೀವ, ಅದರ ಪರ ಮಾತಾಡುವವರು ಬೇಕು ಎಂಬುದು ಅವರ ದೃಢ ನಂಬಿಕೆ. ಬ್ರಿಸ್ಟಲ್‌ನ ಎರಡೂ ಬದಿಯಲ್ಲಿ ಇಂಥವರು ಬಹಳ. ಚಿಕಿತ್ಸಾಲಯ ತಮ್ಮ ಬದಿಗೆ ಬಂದದ್ದು ವರ್ಜೀನಿಯಾ ಭಾಗದ ಅನೇಕರಿಗೆ ಹಿಡಿಸಲಿಲ್ಲ. ವಿಷಯ ಅಲ್ಲಿನ ನಗರಸಭೆಯ ಮುಂದೂ ಬಂತು. ಹಕ್ಕಿನ ಪರ ಇರುವವರಿಗೆ ಇದು ಹೆಂಗಸಿನ ದೇಹ, ಆರೋಗ್ಯ, ಬಾಳಿನ ಪ್ರಶ್ನೆ. ತೀರ್ಮಾನ ಸರ್ಕಾರದ್ದಲ್ಲ, ಆಕೆಯದು ಎಂದು ಅವರ ವಾದ.

ಯಾವ ಪಕ್ಷ ಹಿಡಿದರೂ ಒಂದು ಸಂಗತಿ ಮಾತ್ರ ಬದಲಾಗದು. ಗಡಿ ಎಲ್ಲರಿಗೂ ಸಮಾನ ದೂರದಲ್ಲಿಲ್ಲ. ಟೆನೆಸೀ ಬ್ರಿಸ್ಟಲ್‌ನ ಹೆಂಗಸಿಗೆ ಅದು ರಸ್ತೆ ದಾಟುವಷ್ಟು ಸಮೀಪ. ಅದೇ ರಾಜ್ಯದ ಇನ್ನೊಂದು ತುದಿಯ ಮೆಂಫಿಸ್‌ನಿಂದ ಬ್ರಿಸ್ಟಲ್ ಸುಮಾರು 800 ಕಿಲೋಮೀಟರ್. ಅಲ್ಲಿನವರು ಸಾಮಾನ್ಯವಾಗಿ ಉತ್ತರಕ್ಕೆ ಮೂರು ಗಂಟೆಯ ದಾರಿ ಹಿಡಿದು ಇಲಿನಾಯ್‌ನ ಕಾರ್ಬನ್‌ಡೇಲ್ ಎಂಬ ಸಣ್ಣ ಊರಿಗೆ ಹೋಗುತ್ತಾರೆ. ಸ್ವಂತ ಕಾರು, ರಜೆ, ಕೈಯಲ್ಲಿ ಹಣ ಇದ್ದವರಿಗೆ ಅದು ಒಂದು ದಿನದ ಪ್ರಯಾಣ. ಗಂಟೆ ಲೆಕ್ಕದ ಕೂಲಿಯವಳಿಗೆ, ಮನೆಯಲ್ಲಿ ಸಣ್ಣ ಮಕ್ಕಳಿರುವವಳಿಗೆ, ಕಾರಿಲ್ಲದ ವಿದ್ಯಾರ್ಥಿನಿಗೆ ಅದೇ ದಾರಿ ಬೆಟ್ಟದಷ್ಟು.

ಗಡಿ ದಾಟುವುದೇ ತಪ್ಪಾಗಬಹುದೇ ಎಂಬ ಪ್ರಶ್ನೆಯೂ ಎದ್ದಿದೆ. ಡಾಬ್ಸ್ ತೀರ್ಪಿನ ಬಹುಮತದಲ್ಲಿದ್ದ ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ, ಬೇರೆ ರಾಜ್ಯಕ್ಕೆ ಪ್ರಯಾಣ ಮಾಡುವ ಹಕ್ಕು ಸಂವಿಧಾನದಲ್ಲಿದೆ, ಆದ್ದರಿಂದ ಹಾಗೆ ಹೋಗುವವರನ್ನು ತಡೆಯಲಾಗದು ಎಂಬ ಅಭಿಪ್ರಾಯ ಬರೆದರು. ಆದರೆ ಟೆನೆಸೀ 2024ರಲ್ಲಿ, ಹೆತ್ತವರ ಸಮ್ಮತಿಯಿಲ್ಲದೆ ಅಪ್ರಾಪ್ತ ಹುಡುಗಿಯನ್ನು ಇದಕ್ಕಾಗಿ ಕರೆದೊಯ್ಯಲು ನೆರವಾಗುವ ವಯಸ್ಕರಿಗೆ ಶಿಕ್ಷೆ ವಿಧಿಸುವ ಕಾನೂನು ಮಾಡಿತು. ಅದರ ಒಂದು ಭಾಗಕ್ಕೆ ಫೆಡರಲ್ ನ್ಯಾಯಾಲಯ ಅದೇ ವರ್ಷ ತಡೆ ನೀಡಿತು.

ವರ್ಜೀನಿಯಾದ ನೆಲವೂ ಗಟ್ಟಿಯೆಂದು ಹೇಳುವಂತಿಲ್ಲ. 2023ರಲ್ಲಿ ಆಗಿನ ಗವರ್ನರ್ 15 ವಾರಗಳ ಮಿತಿಯನ್ನು ಸೂಚಿಸಿದ್ದರು. ಆ ವರ್ಷದ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಬಹುಮತ ಸಿಗದೆ ಅದು ಅಲ್ಲಿಗೇ ನಿಂತಿತು. ಮತ ಆಚೀಚೆ ಆಗಿದ್ದರೆ ಬ್ರಿಸ್ಟಲ್‌ನ ಚಿಕಿತ್ಸಾಲಯದ ಕಥೆಯೂ ಬೇರೆಯಾಗುತ್ತಿತ್ತು. ಫೆಡರಲ್ ರಕ್ಷಣೆ ಇಲ್ಲದಾಗ ಪ್ರತಿ ಚುನಾವಣೆಯೂ ಗಡಿಗೆರೆಯನ್ನು ಹೊಸದಾಗಿ ಎಳೆಯಬಲ್ಲದು.

ಕನ್ನಡದ ಮನೆಗಳಿಗೂ ಸಂಬಂಧ

ಭಾರತದಲ್ಲಿ ವೈದ್ಯಕೀಯ ಗರ್ಭಪಾತ ಕಾನೂನು ಬಂದದ್ದು 1971ರಲ್ಲಿ, ‘ರೋ’ ತೀರ್ಪಿಗಿಂತ ಎರಡು ವರ್ಷ ಮುಂಚೆ. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಡಾಬ್ಸ್ ತೀರ್ಪು ಬಂದ 2022ರಲ್ಲೇ, ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟ್ ಈ 24 ವಾರಗಳ ಅವಕಾಶ ಅವಿವಾಹಿತೆಯರಿಗೂ ಸಲ್ಲುತ್ತದೆ ಎಂದಿತು. ನಮ್ಮಲ್ಲಿ ಇದು ವೈದ್ಯರ ಅಭಿಪ್ರಾಯವನ್ನು ಅವಲಂಬಿಸಿದ ಅವಕಾಶವೇ ಹೊರತು ಬರಿಯ ಬಯಕೆಯಿಂದ ದೊರೆಯುವ ಹಕ್ಕಲ್ಲ. ಆದರೂ ನಿಪ್ಪಾಣಿಯಲ್ಲಿರುವ ಕಾನೂನೇ ಕೊಲ್ಲಾಪುರದಲ್ಲೂ ಇದೆ.

ಪರದೇಶಕ್ಕೆ ಹೋದಾಗ ಈ ರಕ್ಷಣೆ ಜೊತೆಗೆ ಬರುವುದಿಲ್ಲ. ಇದನ್ನು ಬೆಳಗಾವಿ ಬಲ್ಲದು. ಅಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡರು. 17 ವಾರಗಳ ಗರ್ಭ ತಾನಾಗಿಯೇ ನಿಲ್ಲದಂತಾಗಿದ್ದಾಗ ಅವರು ಗರ್ಭಪಾತ ಕೋರಿದ್ದರು, ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿತ್ತೆಂದು ಅದು ದೊರೆಯಲಿಲ್ಲ, ರಕ್ತಕ್ಕೆ ನಂಜೇರಿತು. ಆ ಸಾವು ಐರ್ಲೆಂಡನ್ನು ಅಲುಗಾಡಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಅಲ್ಲಿನ ಜನ ಸಂವಿಧಾನದ ನಿಷೇಧವನ್ನು ತೆಗೆದುಹಾಕಿದರು. ಅದಕ್ಕೆ ಮುಂಚೆ ಐರಿಷ್ ಹೆಂಗಸರು ಇಂಗ್ಲೆಂಡಿಗೆ ಸಮುದ್ರ ದಾಟಿ ಹೋಗುತ್ತಿದ್ದರು.

ಇಂದು ಕರ್ನಾಟಕದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಟೆಕ್ಸಾಸ್, ಜಾರ್ಜಿಯಾ, ಟೆನೆಸೀಗಳ ವಿಶ್ವವಿದ್ಯಾಲಯಗಳಿಗೆ ಓದಲು ಹೋಗುತ್ತಾರೆ. ಮದುವೆಯಾಗಿ ಹೋಗಿ ಅಲ್ಲಿ ಸಂಸಾರ ಹೂಡುವವರೂ ಇದ್ದಾರೆ. ಹೊರಡುವ ಮುಂಚೆ ಶುಲ್ಕ, ವಸತಿ, ಚಳಿಯ ಬಗ್ಗೆ ವಿಚಾರಿಸದ ತಂದೆತಾಯಿಗಳಿಲ್ಲ. ಹೋಗುವ ರಾಜ್ಯದ ಆರೋಗ್ಯ ಕಾನೂನು ಏನೆಂದು ಕೇಳುವವರು ವಿರಳ. ಇದನ್ನು ಕೇಳುವುದು ಮಗಳ ಮೇಲಿನ ಅನುಮಾನವಲ್ಲ. ಬಯಸಿದ ಬಸಿರೂ ಅರ್ಧದಲ್ಲಿ ಕೆಡಬಹುದು. ಆ ರಾತ್ರಿ ಆಸ್ಪತ್ರೆಯಲ್ಲಿ ವೈದ್ಯರು ರೋಗಿಯನ್ನು ನೋಡುವ ಮೊದಲು ಕಾನೂನು ಪುಸ್ತಕ ನೋಡಬೇಕಾದ ರಾಜ್ಯ ಯಾವುದು, ಬೇಡವಾದ ರಾಜ್ಯ ಯಾವುದು ಎಂದು ತಿಳಿದಿರುವುದು ಒಳ್ಳೆಯದು.

ಸಂಜೆ ಸ್ಟೇಟ್ ಸ್ಟ್ರೀಟಿನ ಫಲಕದ ದೀಪಗಳು ಹೊತ್ತಿಕೊಳ್ಳುತ್ತವೆ. ಅದರ ಬೆಳಕು ಎರಡು ರಾಜ್ಯಗಳ ಫುಟ್‌ಪಾತಿನ ಮೇಲೂ ಬೀಳುತ್ತದೆ. ಐಸ್‌ಕ್ರೀಂ ಹಿಡಿದ ಮಕ್ಕಳು ಹಿತ್ತಾಳೆಯ ಗುರುತಿನ ಮೇಲೆ ಆಚೆ ಈಚೆ ಜಿಗಿದು ಆಡುತ್ತಾರೆ. ಅವರಿಗಿನ್ನೂ ಅದು ಆಟದ ಗೆರೆ.