ಇಲಿಬೋನು

ಬ್ಯಾಡರಹಳ್ಳಿಯ ನಮ್ಮ ಮನೆಯಲ್ಲಿ ಪುಸ್ತಕಗಳಿಗೆ ಓದುಗರು ಇಬ್ಬರು: ನಾನೊಬ್ಬ, ಇಲಿಯೊಂದು. ಅದರ ಅಭಿರುಚಿ ನನ್ನದಕ್ಕಿಂತ ವಿಶಾಲ. ಛಂದಸ್ಸು, ವ್ಯಾಕರಣ, ವಿದ್ಯಾರ್ಥಿಗಳ ಉತ್ತರಪತ್ರಿಕೆ, ಯಾವುದನ್ನೂ ಅದು ಕೀಳೆಂದು ಬಗೆಯುವುದಿಲ್ಲ. ಮನೆಯಾಕೆ ಮಾಗಡಿ ರಸ್ತೆಯ ಅಂಗಡಿಯಿಂದ ಬೋನೊಂದನ್ನು ತಂದು, ಕೊಬ್ಬರಿ ಚೂರು ಸಿಕ್ಕಿಸಿ, ಬೀರುವಿನ ಕೆಳಗಿಟ್ಟ ದಿನವೇ ಅಕ್ಕ ಬಂದಳು.

ಭಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಕೀಮೋ ನಡೆಯುತ್ತಿತ್ತು. ರಕ್ತದಲ್ಲಿ ಬಿಳಿಯ ಕಣಗಳು ಇಳಿದುವೆಂದು ನಾಲ್ಕನೆಯ ಸರದಿಯನ್ನು ಮುಂದಕ್ಕೆ ಹಾಕಿದ್ದರು. ಅಕ್ಕ ಚೀಲದಿಂದ ಪತ್ರಿಕೆಯ ತುಂಡೊಂದನ್ನು ತೆಗೆದಳು. ಅಶ್ವಗಂಧದಿಂದ ಇಲಿಗಳ ಗೆಡ್ಡೆ ಕರಗಿತಂತೆ. ಕೀಮೋದಿಂದ ಇಳಿದಿದ್ದ ಬಿಳಿಯ ಕಣಗಳೂ ಏರಿದುವಂತೆ.

“ನಮ್ಮ ಹಿರೇಮದ್ದೇ ಕಣೋ ಇದು. ನೀನು ಎಂ.ಎ. ಓದಿದವನು, ನಿಜವೋ ಸುಳ್ಳೋ ನೋಡಿ ಹೇಳು. ಹಾಲಿಗೆ ಹಾಕಿ ಕೊಟ್ಟುಬಿಡ್ತೀನಿ.”

ನಾನು ಎಂ.ಎ. ಮಾಡಿದ್ದು ಕನ್ನಡದಲ್ಲಿ ಎಂಬುದು ಅಕ್ಕನ ಲೆಕ್ಕದಲ್ಲಿ ಬಹಳ ಸಣ್ಣ ವಿಷಯ. ಆದರೂ ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಪ್ರಾಣಿಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರನ್ನು ಕಾಡಿ ಬೇಡಿ, ಎಂಟು ದಿನ ಇಲಿಗಳ ವಿಷಯವನ್ನೇ ಓದಿದೆ.

ತುಂಡಿನಲ್ಲಿದ್ದುದು ಸುಳ್ಳಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಪಿ. ಉಮಾದೇವಿಯವರು ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಶ್ವಗಂಧದ ಬೇರಿನ ಸಾರ ಪಡೆದ ಕೆಲವು ಇಲಿಗಳ ಗೆಡ್ಡೆ ಪೂರ್ತಿ ಕರಗಿತ್ತು. ಆದರೆ ಅದು ಹಾಲಿಗೆ ಹಾಕಿದ ಪುಡಿಯಲ್ಲ, ಸೂಜಿಯಿಂದ ಹೊಟ್ಟೆಯೊಳಕ್ಕೆ ಕೊಟ್ಟ ಸಾರ; ಗೆಡ್ಡೆಯ ಕಣಗಳನ್ನು ಬಿತ್ತಿದ ಮರುದಿನವೇ ಆರಂಭಿಸಿದ್ದು. ಪ್ರಮಾಣ ತೀರ ಹೆಚ್ಚಾದಾಗ ಕೆಲವು ಇಲಿಗಳಿಗೆ ಅದೇ ಮೃತ್ಯುವಾಯಿತು. ತ್ರಿಶೂರಿನ ಅಮಲ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 1998ರಲ್ಲಿ, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧದೊಡನೆ ಅಶ್ವಗಂಧವನ್ನು ಕೊಟ್ಟರೆ ಇಲಿಗಳಲ್ಲಿ ಬಿಳಿಯ ಕಣಗಳು ಅಷ್ಟಾಗಿ ಕುಗ್ಗುವುದಿಲ್ಲವೆಂದು ತೋರಿಸಿದರು. ಅಕ್ಕನ ಆಸೆಯ ಬೇರು ಇಲ್ಲಿತ್ತು.

ಕೀಮೋ ಬೇಗಬೇಗ ಒಡೆದು ಬೆಳೆಯುವ ಕಣಗಳನ್ನು ಕೊಲ್ಲುತ್ತದೆ. ಗೆಡ್ಡೆಯ ಕಣಗಳಂತೆ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ನಮ್ಮ ಕಾವಲಿನ ಕಣಗಳೂ ಅಂಥವೇ. ಕಳ್ಳನ ಜೊತೆಗೆ ತಳವಾರನಿಗೂ ಪೆಟ್ಟು. ಅಲ್ಲದೆ ಒಂದು ಸರದಿಯ ಔಷಧ ಕೊಲ್ಲುವುದು ಇಂತಿಷ್ಟು ಪಾಲನ್ನು ಮಾತ್ರ. ಹತ್ತು ಕೋಟಿ ಕಣಗಳಲ್ಲಿ ಸಾವಿರಕ್ಕೆ 999 ಸತ್ತರೂ ಒಂದು ಲಕ್ಷ ಉಳಿಯುತ್ತವೆ. ಈ ಉಳಿಕೆಯನ್ನು ಮೈಯ ಕಾವಲಿಗೇ ವಹಿಸಬಹುದೇ?

ಇದೇ ಪ್ರಶ್ನೆ ಪ್ಯಾರಿಸಿನ ಬಳಿಯ ವಿಲ್‌ಝ್ವೀಫ್ ಎಂಬಲ್ಲಿದ್ದ ಜಾರ್ಜ್ ಮಾತೆ ಎಂಬ ವೈದ್ಯರದು. ರಕ್ತದ ಕ್ಯಾನ್ಸರ್ ಬಿತ್ತಿದ ಇಲಿಗಳಿಗೆ ಅವರು ಬಿ.ಸಿ.ಜಿ. ಚುಚ್ಚಿದರು. ನನ್ನ ತೋಳಿನಲ್ಲಿಯೂ, ಪ್ರಾಯಶಃ ನಿಮ್ಮ ತೋಳಿನಲ್ಲಿಯೂ ಕಲೆ ಬಿಟ್ಟುಹೋಗಿರುವ ಕ್ಷಯದ ಲಸಿಕೆಯೇ ಅದು. ಮೈಯ ಕಾವಲನ್ನು ಬಡಿದೆಬ್ಬಿಸುವುದು ಉದ್ದೇಶ. ಕ್ಯಾನ್ಸರ್ ಕಣಗಳು ಸುಮಾರು ಒಂದು ಲಕ್ಷದೊಳಗಿದ್ದರೆ ಕೆಲವು ಇಲಿಗಳು ಬದುಕಿದುವು. ಅದನ್ನು ಮೀರಿದ್ದರೆ ಕಾವಲು ಎದ್ದೂ ಪ್ರಯೋಜನವಾಗಲಿಲ್ಲ. ಆದ್ದರಿಂದ ಮೊದಲು ಕೀಮೋದಿಂದ ಕಣಗಳ ಸಂಖ್ಯೆಯನ್ನು ಇಳಿಸಬೇಕು, ಬಳಿಕ ಕಾವಲನ್ನು ಎಬ್ಬಿಸಬೇಕು. ಅದೇ ಕ್ರಮದಲ್ಲಿ ಮಕ್ಕಳಿಗೂ ಕೊಟ್ಟು, ಕೆಲವರಲ್ಲಿ ರೋಗ ಮರುಕಳಿಸದೆ ವರ್ಷಗಟ್ಟಲೆ ದೂರವಿತ್ತೆಂದು 1969ರಲ್ಲಿ ಅವರು ಪ್ರಕಟಿಸಿದಾಗ ಎಷ್ಟು ತಾಯಂದಿರು ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರೋ! 1971ರಲ್ಲಿ ಬ್ರಿಟನ್ನಿನ ವೈದ್ಯರು ಹೆಚ್ಚು ಮಕ್ಕಳಲ್ಲಿ ಪರೀಕ್ಷಿಸಿದರು. ಬಿ.ಸಿ.ಜಿ.ಯಿಂದ ಉಪಯೋಗ ಕಾಣಲಿಲ್ಲ.

ಆ ಪುಟದ ಮೇಲೆ ನಾನು ಬಹಳ ಹೊತ್ತು ಕುಳಿತಿದ್ದೆ.

ದಾರಿ ಅಲ್ಲಿಗೇ ಮುಚ್ಚಲಿಲ್ಲ. 1976ರಲ್ಲಿ ಕೆನಡಾದ ಮೊರಾಲೆಸ್ ಅವರು ಮೂತ್ರಕೋಶದ ಕ್ಯಾನ್ಸರಿಗೆ ಬಿ.ಸಿ.ಜಿ. ಫಲಕಾರಿಯೆಂದು ವರದಿ ಮಾಡಿದರು. ಇಂದಿಗೂ ಅದನ್ನು ಬಳಸುತ್ತಾರೆ. ಕೀಮೋದೊಡನೆ ಕಾವಲಿನ ಕಟ್ಟು ಬಿಚ್ಚುವ ಔಷಧವನ್ನೂ ಕೊಟ್ಟರೆ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆಯುಸ್ಸು ಹೆಚ್ಚುತ್ತದೆಂದು 2018ರಲ್ಲಿ ಖಚಿತವಾಯಿತು. ಖಚಿತವಾದದ್ದು ಇಲಿಗಳಲ್ಲಿ ಅಲ್ಲ, ಆರುನೂರಕ್ಕೂ ಹೆಚ್ಚು ರೋಗಿಗಳಲ್ಲಿ.

ಅಕ್ಕನಿಗೆ ಇದನ್ನೆಲ್ಲ ಹೇಗೆ ಹೇಳುವುದು? ನಾನು ಹೇಳಿದ್ದು ಇಷ್ಟೇ: “ಇಲಿಗೆ ನಿಜ ಅಕ್ಕ. ಭಾವನಿಗೆ ನಿಜವೋ ಗೊತ್ತಿಲ್ಲ. ಡಾಕ್ಟರನ್ನು ಕೇಳದೆ ಕೊಡಬೇಡ.” ಅವಳು ಉತ್ತರಿಸಲಿಲ್ಲ. ಎಂ.ಎ.ಯ ಮೇಲಿನ ಗೌರವ ಆ ಗಳಿಗೆಯಲ್ಲಿ ಒಂದು ಮೆಟ್ಟಿಲು ಇಳಿದಿರಬೇಕು.

ಡಾಕ್ಟರು ಬೇಡವೆಂದರಂತೆ. ಕೀಮೋ ಮುಗಿಯುವವರೆಗೆ ಯಾವ ಬೇರೂ ಬೇಡ, ಬಿಳಿಯ ಕಣ ಏರಿಸಲು ಬೇರೆ ಚುಚ್ಚುಮದ್ದಿದೆ ಎಂದು ಅದನ್ನು ಕೊಟ್ಟರಂತೆ. ಮುಂದಿನ ವಾರ ನಾಲ್ಕನೆಯ ಸರದಿ ಮುಗಿಯಿತು. ಆ ರಾತ್ರಿ ಭಾವನೇ ಫೋನು ಮಾಡಿದರು. ದನಿ ಸೋತಿತ್ತು.

“ಏನಯ್ಯಾ, ನಿನ್ನಕ್ಕ ಇಲಿಗಳ ಕಥೆ ಹೇಳಿದಳು. ಬದುಕಿದುವೇನಯ್ಯಾ ಅವು?”

“ಕೆಲವು ಬದುಕಿದುವು, ಭಾವ.”

“ಹೂಂ” ಎಂದರು.

ಬೀರುವಿನ ಕೆಳಗೆ ಬೋನು ಠಪ್ಪೆಂದಿತು. ಟಾರ್ಚು ಹಾಕಿ ನೋಡಿದರೆ, ಕೊಬ್ಬರಿಯನ್ನು ಮೂಸದೆ ಮೂಲೆಗೆ ಒತ್ತಿಕೊಂಡು ಕುಳಿತಿತ್ತು, ಹೆಬ್ಬೆರಳಿನಷ್ಟು ಮೈ. ಮನೆಯಾಕೆ ಬೆಳಿಗ್ಗೆ ನೋಡಿದರಾಯಿತು ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು, ಬೋನು ಹಿಡಿದು, ಹೇರೋಹಳ್ಳಿಯ ಕೆರೆಯ ಕಡೆಗೆ ಹೊರಟೆ.