ಪರಸ್ಥಳದಲ್ಲಿ ಕ್ರಿಸ್ತಜಯಂತಿ

ಸ್ವದೇಶದ ಹಬ್ಬವನ್ನು ಪರದೇಶದಲ್ಲಿ ಆಚರಿಸುವವನ ಮನೆಗೆ ಮೊದಲು ಬರುವ ಅತಿಥಿಯೆಂದರೆ ತವರಿನ ನೆನಪು. ಜರ್ಮನಿಯ ಉತ್ತರತೀರದಲ್ಲಿ ಜನಿಸಿದ ಫರ್ಡಿನೆಂಡ್ ಕಿಟ್ಟೆಲ್ ಪಾದ್ರಿಗಳು 1853ರಲ್ಲಿ ಕನ್ನಡನಾಡಿಗೆ ಬಂದರು. ಅವರ ಹುಟ್ಟೂರಿನಲ್ಲಿ ಕ್ರಿಸ್ತಜಯಂತಿಯು ಕೊರೆಯುವ ಚಳಿಯಲ್ಲಿ ಬರುವುದು. ಅವರು ನೆಲೆಸಿದ ಮಂಗಳೂರಿನಲ್ಲಾದರೋ ಆಗಲೂ ಸೆಕೆ, ಸುತ್ತಲೂ ತೆಂಗಿನ ನೆರಳು. ಚಳಿಯನ್ನು ಇಲ್ಲಿಗೆ ತರುವಂತಿರಲಿಲ್ಲ, ಕಥೆಯನ್ನು ತರಬಹುದಾಗಿತ್ತು. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತಚರಿತೆಯನ್ನು ಕನ್ನಡ ಪದ್ಯಗಳಲ್ಲಿ ರಚಿಸಿದರು. ಆ ಭಾಷಾಪ್ರೇಮವು 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯ ಪ್ರಕಟಣೆಯಾಗಿ, 1894ರಲ್ಲಿ ಮಹಾನಿಘಂಟಾಗಿ ಫಲಿಸಿತು. ನೃಪತುಂಗನ ಮಳಖೇಡವನ್ನು ಮಡಿಲಲ್ಲಿಟ್ಟುಕೊಂಡ ಸೇಡಂ ಸೀಮೆಯವರು ಇದನ್ನು ಮರೆಯಬಾರದು. ವಾಡಿಯಲ್ಲಿ ರೈಲಿಳಿದು ಜೀವನೋಪಾಯಕ್ಕಾಗಿ ಇಲ್ಲಿ ನಿಂತ ಪರಸ್ಥಳದವನನ್ನು ಅವನ ಹಬ್ಬದಂದು ಕನ್ನಡದಲ್ಲಿ ಮಾತನಾಡಿಸಿದರೆ, ಆ ಋಣವು ಕಿಂಚಿತ್ತಾದರೂ ತೀರುವುದು.