ತೀರ್ಪಿನ ಜಾಡು ಹಿಡಿದು

ಕೋರ್ಟಿನಲ್ಲಿ ನಿಂತು ವಾದ ಮಾಡುವುದಕ್ಕಿಂತ, ಆ ವಾದಕ್ಕೆ ಬೇಕಾದ ತೀರ್ಪನ್ನು ಹುಡುಕುವುದೇ ನನಗೆ ಹೆಚ್ಚು ಇಷ್ಟ. ಒಂದರಿಂದ ಅದರ ಹಿಂದಿನದಕ್ಕೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗುತ್ತಾ ಹೋದರೆ ಊಟದ ಹೊತ್ತು ಮೀರಿದ್ದೂ ತಿಳಿಯುವುದಿಲ್ಲ.

ಪುಟ್ಟಸ್ವಾಮಿ ಪ್ರಕರಣವನ್ನೇ ನೋಡಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಒಂಬತ್ತು ಮಂದಿ ಯಾಕೆ ಕೂರಬೇಕಾಯಿತು? 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ಮಂದಿಯ ಪೀಠ ಅದಕ್ಕೆ ವಿರುದ್ಧವಾಗಿ ಹೇಳಿತ್ತು. ಎಂಟು ಮಂದಿಯ ಮಾತನ್ನು ಮೀರಲು ಅದಕ್ಕಿಂತ ದೊಡ್ಡ ಪೀಠವೇ ಬೇಕು. ತೀರ್ಪು ಕೈಗೆ ಸಿಕ್ಕೊಡನೆ ಪೀಠದಲ್ಲಿ ಎಷ್ಟು ಜನ ಇದ್ದರೆಂದು ನೋಡುವ ಅಭ್ಯಾಸ ನನಗೆ ಅಂಟಿದ್ದು ಹೀಗೆ.

ಅಲ್ಲಿಂದ ಹಿಂದಕ್ಕೆ ಹೋದರೆ ಖರಕ್ ಸಿಂಗ್ ಪ್ರಕರಣ. ಇಂಡಿಯನ್ ಕಾನೂನ್ ಜಾಲತಾಣದಲ್ಲಿ ‘ಎಐಆರ್ 1963 ಎಸ್‌ಸಿ 1295’ ಎಂದು ಹುಡುಕಿದರೆ ಸಾಕು. ಖರಕ್ ಸಿಂಗ್ ದರೋಡೆ ಕೇಸಿನಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾದ ಮನುಷ್ಯ. ಆದರೂ ಉತ್ತರ ಪ್ರದೇಶದ ಪೊಲೀಸರು ರಾತ್ರಿ ಹೊತ್ತಿನಲ್ಲಿ ಅವನ ಬಾಗಿಲು ಬಡಿದು, ಕೂಗಿ ಎಬ್ಬಿಸುತ್ತಿದ್ದರು. ಬಹುಮತದ ತೀರ್ಪು ಈ ರಾತ್ರಿ ತಪಾಸಣೆಯನ್ನು ರದ್ದು ಮಾಡಿತು, ಆದರೆ ಖಾಸಗಿತನದ ಹಕ್ಕು ಎಂಬುದಿಲ್ಲ ಎಂದೂ ಹೇಳಿತು. ಎರಡೂ ಹೇಗೆ ಕೂಡುತ್ತವೆ? ನ್ಯಾಯಮೂರ್ತಿ ಸುಬ್ಬರಾವ್ ಅವರು ಜೆ.ಸಿ. ಷಾ ಅವರೊಂದಿಗೆ ಸೇರಿ ಬರೆದ ಭಿನ್ನಮತಕ್ಕೆ ಬಂದಾಗ ನಾನು ಎದ್ದು ಕೂತೆ. ಖಾಸಗಿತನವಿಲ್ಲದೆ ಸ್ವಾತಂತ್ರ್ಯವೇ ಇಲ್ಲ ಎಂಬ ಆ ನಿಲುವು ಗೆಲ್ಲಲು ಅರ್ಧ ಶತಮಾನ ದಾಟಬೇಕಾಯಿತು.

ಒಂದು ಕಾಲಕ್ಕೆ ಇದನ್ನೆಲ್ಲ ಓದಲು ಸೀನಿಯರ್ ಚೇಂಬರಿನ ಎಐಆರ್ ಸಂಪುಟಗಳೋ ಬಾರ್ ಲೈಬ್ರರಿಯೋ ಬೇಕಿತ್ತು. 2008ರಿಂದ ಇಂಡಿಯನ್ ಕಾನೂನ್ ಇದೆ; 2023ರಲ್ಲಿ ಸುಪ್ರೀಂ ಕೋರ್ಟ್ ತನ್ನ ಅಧಿಕೃತ ವರದಿಗಳನ್ನೇ ಇ-ಎಸ್‌ಸಿಆರ್ ಮೂಲಕ ಉಚಿತವಾಗಿ ಕೊಟ್ಟಿತು. ತಾಲ್ಲೂಕು ಕೋರ್ಟಿನ ಜೂನಿಯರ್‌ಗೂ ದಿಲ್ಲಿಯ ದೊಡ್ಡ ವಕೀಲರಿಗೂ ಈಗ ಒಂದೇ ಪುಟ ತೆರೆದುಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಉಪಕಾರ ನಮ್ಮ ವೃತ್ತಿಗೆ ಬೇರೆ ಯಾವುದೂ ಆಗಿಲ್ಲ ಎಂದೇ ನನ್ನ ಭಾವನೆ.

ತೀರ್ಪು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬಾರದು. ಹೆಡ್‌ನೋಟ್ ಬರೆಯುವವರು ವರದಿಗಾರರು, ನ್ಯಾಯಮೂರ್ತಿಗಳಲ್ಲ, ಪ್ಯಾರಾ ಓದಲೇಬೇಕು. ‘ಸೈಟೆಡ್ ಬೈ’ ಒತ್ತಿ, ಮುಂದೆ ಯಾರಾದರೂ ಅದನ್ನು ತಳ್ಳಿಹಾಕಿದ್ದಾರೆಯೇ ನೋಡಬೇಕು. ಕಾಯ್ದೆಗಳದೂ ಅಷ್ಟೆ: ನಮ್ಮ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು, ಹಳೆಯ ಪುಸ್ತಕಗಳಲ್ಲಿ ಇನ್ನೂ ಇವೆ.

ಪುಟ್ಟಸ್ವಾಮಿ ತಳ್ಳಿಹಾಕಿದ ತೀರ್ಪುಗಳಲ್ಲಿ ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿಗೆ ಬರಲಾಗದು ಎಂದ 1976ರ ಎಡಿಎಂ ಜಬಲ್ಪುರ ತೀರ್ಪೂ ಒಂದು. ಅಲ್ಲಿ ಬಹುಮತದಲ್ಲಿದ್ದವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್, ಅದು ತಪ್ಪು ಎಂದು ಪುಟ್ಟಸ್ವಾಮಿಯಲ್ಲಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಜಬಲ್ಪುರ ತೀರ್ಪನ್ನು ತೆರೆದು ಓದಿ. ಅಲ್ಲಿನ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಭಿನ್ನಮತದಿಂದಲೇ ಶುರು ಮಾಡಿ.